ಅಣವೀರಪ್ಪ ಕಾಕಾ ಅವರ ಮೂಗು

ನಮ್ಮ ಡಾಂಬರು ಪ್ಲ್ಯಾಂಟಿನಲ್ಲಿ ಬೆಂಕಿ ಹಚ್ಚಲು ಅಪ್ಪಣೆ ಕೊಡುತ್ತಿದ್ದದ್ದು ಒಂದು ಕೆಂಪು ಟವೆಲು. ಅದು ಅಣವೀರಪ್ಪ ಕಾಕಾ ಅವರ ಹೆಗಲ ಮೇಲಿರುತ್ತಿತ್ತು. ಅವರು ಬರ್ನರಿನ ಬಳಿ, ಕಲ್ಲು ಕಾಯಿಸುವ ದೊಡ್ಡ ಡ್ರಮ್ಮಿನ ಬಾಯಿಯ ಹತ್ತಿರ ಹೋಗಿ, ಕಣ್ಣು ಮುಚ್ಚಿ ಮೂರು ಸಲ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ ಟವೆಲು ಎತ್ತಿ ಬೀಸಿದರೆ ಕ್ಯಾಬಿನ್ನಿನಲ್ಲಿ ಕೂತವನು ಬಟನ್ ಒತ್ತಬಹುದು. ಬೀಸದೆ, ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಕಲ್ಲಿನ ಮೇಲೆ ಕೂತರೆ ಒಳಗೆ ಇನ್ನೂ ಸುಡದೆ ಉಳಿದ ಎಣ್ಣೆಯ ವಾಸನೆ ಇದೆ, ಅದು ಹೋಗುವವರೆಗೆ ಯಾರೂ ಏನೂ ಮುಟ್ಟಬಾರದು ಎಂದು ಅರ್ಥ. ಮೂವತ್ತು ವರ್ಷ ಅದೇ ಅಲ್ಲಿನ ಕಾಯಿದೆಯಾಗಿತ್ತು.

ನಾನು ಶೈಲಾ, ಆ ಪ್ಲ್ಯಾಂಟಿನ ಲ್ಯಾಬಿನವಳು. ಧಾರವಾಡದಿಂದ ಬಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಸೇರಿಕೊಂಡ ಮನೆತನ ನಮ್ಮದು. ಹೊರಡುವ ಪ್ರತಿ ಡಂಪರಿಗೆ ಥರ್ಮಾಮೀಟರ್ ಚುಚ್ಚಿ, ಡಾಂಬರು ಬೆರೆಸಿದ ಮಾಲು ಎಷ್ಟು ಬಿಸಿ ಇದೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ನನ್ನ ನಾಲಿಗೆ ಸ್ವಲ್ಪ ಚುರುಕು ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆ ನಾಲಿಗೆಯಿಂದ ಏನು ಅನಾಹುತವಾಯಿತು ಎಂಬುದನ್ನೂ ಇಲ್ಲೇ ಹೇಳಬೇಕಾಗುತ್ತದೆ, ಹೇಳುತ್ತೇನೆ.

ಪ್ಲ್ಯಾಂಟು ಇದ್ದದ್ದು ಜೋಗೇಶ್ವರಿ ಪೂರ್ವದಲ್ಲಿ, ಮುಚ್ಚಿಹೋದ ಕಲ್ಲಿನ ಕ್ವಾರಿಯೊಂದರ ತಳದಲ್ಲಿ. ಮೂರು ಕಡೆ ಕರಿ ಬಂಡೆ, ನಾಲ್ಕನೆಯ ಕಡೆ ಗೇಟು. ಬಂಡೆಯ ಮೇಲೆ ಹೊಸ ಹೊಸ ಬಿಲ್ಡಿಂಗುಗಳು. ಅಣವೀರಪ್ಪ ಕಾಕಾ ವಿಜಯಪುರದ ಕಡೆಯವರು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಬರ್ನರಿನ ಕೆಲಸಕ್ಕೆ ಸೇರಿದಾಗ ಅವರ ಮೇಲಿನವರು ಈರಣ್ಣ ಎಂಬ ಮಿಸ್ತ್ರಿ. ಒಂದು ದಿನ ಬೆಂಕಿ ಆರಿದ ಮೇಲೂ ಒಳಗೆ ಎಣ್ಣೆ ತೊಟ್ಟಿಕ್ಕುತ್ತಲೇ ಇತ್ತು. ಈರಣ್ಣ ಮಿಸ್ತ್ರಿ ಅದನ್ನು ಗಮನಿಸದೆ ಮತ್ತೆ ಬೆಂಕಿ ಕೊಟ್ಟರು. ಡ್ರಮ್ಮಿನ ಬಾಯಿಂದ ಚಿಮ್ಮಿ ಬಂದ ಜ್ವಾಲೆ ಅವರ ಮುಖ ನೆಕ್ಕಿಕೊಂಡು ಹೋಯಿತು. ಅವರನ್ನು ಹೊತ್ತು ಗೇಟಿನವರೆಗೆ ಓಡಿದವರು ಕಾಕಾ. ಮಿಸ್ತ್ರಿ ಆಸ್ಪತ್ರೆಯಿಂದ ಮರಳಲಿಲ್ಲ. ಮರುದಿನದಿಂದಲೇ ಮೂಸಿ ನೋಡುವ ಪದ್ಧತಿ ಶುರುವಾಯಿತು. ಅದನ್ನು ಯಾರೂ ಕಾಕಾಗೆ ಕಲಿಸಿಕೊಟ್ಟಿರಲಿಲ್ಲ.

ಅವರ ಹೆಂಡತಿ ಹನುಮವ್ವ ಕಾಕು ಅದೇ ಪ್ಲ್ಯಾಂಟಿನಲ್ಲಿ ಕಸಗುಡಿಸಿ, ಉದುರಿದ ಧೂಳನ್ನು ಚೀಲಕ್ಕೆ ತುಂಬುತ್ತಿದ್ದರು. ಗೇಟಿನ ಪಕ್ಕದ ಲೇಬರ್ ಲೈನಿನಲ್ಲಿ ಇಬ್ಬರಿಗೂ ಸೇರಿ ಒಂದು ಖೋಲಿ. ಬರ್ನರಿನ ಕೆಲಸ ಇರುವವರೆಗೆ ಮಾತ್ರ ಆ ಖೋಲಿ ಎಂದು ಪ್ಲ್ಯಾಂಟಿನ ಮಾಲೀಕ ಸೇಠನ ಕರಾರು. ಮಕ್ಕಳಿಲ್ಲ. ಮುಂಬಯಿಯಲ್ಲಿ ಅವರದು ಎನ್ನುವುದು ಆ ಹತ್ತಡಿ ಜಾಗವೊಂದೇ, ಅದು ನಿಂತಿದ್ದದ್ದು ಕಾಕಾನ ಮೂಗಿನ ಮೇಲೆ.

ಆ ಮೂಗು ಕೊರೋನಾದಲ್ಲಿ ಹೋಯಿತು. ಹದಿನೇಳು ದಿನ ಮಲಗಿ ಎದ್ದರು. ಕೆಮ್ಮು ಹೋಯಿತು, ನಿಶ್ಶಕ್ತಿ ಹೋಯಿತು, ರುಚಿ ಅರ್ಧಕ್ಕರ್ಧ ಮರಳಿತು, ವಾಸನೆ ಮಾತ್ರ ಬರಲೇ ಇಲ್ಲ. ಕಾಕಾ ಯಾರಿಗೂ ಬಾಯಿ ಬಿಡಲಿಲ್ಲ. ಮೊದಲಿನ ಹಾಗೇ ಡ್ರಮ್ಮಿನ ಮುಂದೆ ನಿಂತು ಕಣ್ಣು ಮುಚ್ಚುತ್ತಿದ್ದರು, ಉಸಿರೆಳೆಯುತ್ತಿದ್ದರು, ಟವೆಲು ಬೀಸುತ್ತಿದ್ದರು. ಒಳಗಿಂದ ಏನೂ ಬರದಿದ್ದರೂ ಅಂದಾಜಿನ ಮೇಲೆ ಸ್ವಲ್ಪ ಹೊತ್ತು ಕೂತು ಏಳುತ್ತಿದ್ದರು.

ನನಗೆ ಗೊತ್ತಾದದ್ದು ಒಂದು ಮೇ ತಿಂಗಳ ಮಧ್ಯಾಹ್ನ. ಕಾಕಾ ಬಿಸಿ ಎಣ್ಣೆಯ ಪೈಪಿಗೆ ಬೆನ್ನು ಮಾಡಿ ಕೂತು ಬೀಡಿ ಹುಡುಕುತ್ತಿದ್ದರು. ಟವೆಲಿನ ತುದಿ ಪೈಪಿಗೆ ತಾಗಿ ಹೊಗೆಯಾಡುತ್ತಿತ್ತು. ಬಟ್ಟೆ ಸುಡುವ ವಾಸನೆ ಲ್ಯಾಬಿನೊಳಗಿದ್ದ ನನಗೆ ಬಡಿಯಿತು, ಎರಡು ಗೇಣು ದೂರದಲ್ಲಿದ್ದ ಅವರಿಗೆ ಇಲ್ಲ. ನಾನು ಓಡಿಬಂದು ಟವೆಲು ಎಳೆದು ತುಳಿದೆ. ಅವರು ನನ್ನ ಮುಖ ನೋಡಿದರು. ಸುಟ್ಟ ತುದಿ ನೋಡಿದರು. ಕಳ್ಳತನದಲ್ಲಿ ಸಿಕ್ಕವರ ಹಾಗೆ ತಲೆ ತಗ್ಗಿಸಿದರು.

"ಕಾಕಾ, ನಿಮಗ ವಾಸನಿ ಹತ್ತಂಗಿಲ್ಲೇನು?" ಎಂದು ಕೇಳಿದೆ.

"ಸಾವಕಾಶ ಮಾತಾಡವಾ," ಎಂದರು ಅಷ್ಟೇ.

ಮ್ಯಾನೇಜರ್ ದೇವಾನಂದನಿಗೆ ಹೇಳಿಯೇ ತೀರಬೇಕು ಎಂದು ನಾನು ಸಂಜೆಯವರೆಗೆ ಕುದಿಯುತ್ತಿದ್ದೆ. ಮನೆಗೆ ಹೊರಟಾಗ ಗೇಟಿನಲ್ಲಿ ಹನುಮವ್ವ ಕಾಕು ನನ್ನ ಕೈ ಹಿಡಿದು ಖೋಲಿಗೆ ಕರೆದೊಯ್ದರು. ಚಹಾ ಕೊಟ್ಟರು. ಎರಡು ವರ್ಷದಿಂದ ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಮೂಸಿ ಹೇಳುತ್ತಿದ್ದದ್ದು ತಾವೇ ಎಂದರು.

"ನಮ್ಮವರ ಮೂಗು ಹೋತು ಅಂತ ತಿಳದ್ರ ಈ ಖೋಲಿ ಹೊಕ್ಕೈತಿ ಶೈಲವ್ವಾ. ಈ ವಯಸ್ಸಿನಾಗ ಎಲ್ಲಿಗ್ಹೋಗೂಣು? ನೀ ಹ್ಯಾಂಗೂ ಬಾಜೂಕ ಇರತಿ. ಅವರ ಜೋಡಿ ಬಂದು ನಿಂದರು. ವಾಸನಿ ಬಂತಂದ್ರ ನಿನ್ನ ದುಪಟ್ಟಾ ಮೂಗಿಗೆ ಹಿಡಿ. ಅವರು ನೋಡಿ ತಿಳಕೋತಾರ. ನಿನ್ನ ಮೂಗು ಭಾಳ ಹುಷಾರೈತಿ."

ಆಗಲ್ಲ ಎನ್ನಬೇಕಿತ್ತು. ಕಾನೂನು, ಸುರಕ್ಷತೆ, ಎಲ್ಲವೂ ನನಗೆ ಗೊತ್ತಿತ್ತು. ಆದರೆ ಅವರು ನನ್ನ ಕೈ ಬಿಟ್ಟಿರಲಿಲ್ಲ. ಹೂಂ ಅಂದೆ.

ಅಂದಿನಿಂದ ಪ್ಲ್ಯಾಂಟಿನ ಮೂಗು ನಾನಾದೆ, ಕಾಕಾ ನನ್ನ ಕೈಯಾದರು. ಬರ್ನರು ಆರಿದಾಗಲೆಲ್ಲ ಸ್ಯಾಂಪಲ್ ಡಬ್ಬಿ ಹಿಡಿದು ಹೋಗಿ ಅವರ ಬಲಕ್ಕೆ ನಿಲ್ಲುತ್ತಿದ್ದೆ. ಅವರು ಕಣ್ಣು ಮುಚ್ಚಿದಂತೆ ಮಾಡಿ, ಓರೆಗಣ್ಣಿನಲ್ಲಿ ನನ್ನ ಕೈ ನೋಡುತ್ತಿದ್ದರು. ಹಳೆಯ ಪ್ಲ್ಯಾಂಟಿನಲ್ಲಿ ಇದರಿಂದ ಒಂದೇ ಒಂದು ತಪ್ಪಾಗಲಿಲ್ಲ. ಅಲ್ಲಿ ಬೆಂಕಿ ಮತ್ತು ಕಲ್ಲು ಒಂದೇ ಬಾಯಿಂದ ಒಳಗೆ ಹೋಗುತ್ತಿದ್ದವು, ಒಂದೇ ದಿಕ್ಕಿಗೆ ಸಾಗುತ್ತಿದ್ದವು. ಬೆಂಕಿ ಆರಿದರೆ ಫ್ಯಾನೂ ನಿಲ್ಲುತ್ತಿತ್ತು. ಸುಡದೆ ಉಳಿದ ಎಣ್ಣೆ ಆ ಬಾಯಲ್ಲೇ ಗಬ್ಬು ನಾರುತ್ತ ಕೂರುತ್ತಿತ್ತು. ಮೂಗಿದ್ದವರು ಯಾರಾದರೂ ಹೇಳಬಹುದಿತ್ತು.

ಆದರೆ ಆ ಹಳೆಯ ಡ್ರಮ್ಮಿಗೊಂದು ಖೋಡಿ ಇತ್ತು. ಬೆಂಕಿಯ ಝಳ ಹೋಗುವ ದಾರಿಯಲ್ಲೇ ಡಾಂಬರು ಸುರಿಯುತ್ತಿದ್ದುದರಿಂದ ಅದೂ ಸ್ವಲ್ಪ ಸುಟ್ಟು ನೀಲಿ ಹೊಗೆಯಾಗಿ ಏಳುತ್ತಿತ್ತು. ಮೇಲಿನ ಬಿಲ್ಡಿಂಗಿನವರು ಬಾಲ್ಕನಿಯಲ್ಲಿ ನಿಂತು ಅದರ ವಿಡಿಯೊ ಮಾಡಿದರು. ದೂರು ಹೋಯಿತು, ನೋಟಿಸು ಬಂತು. ಸೇಠ್ ಕಳೆದ ಬೇಸಿಗೆಯಲ್ಲಿ ಹಳೆಯದನ್ನು ಗುಜರಿಗೆ ಹಾಕಿ ಹೊಸ ಕೌಂಟರ್ ಫ್ಲೋ ಪ್ಲ್ಯಾಂಟು ತಂದು ನಿಲ್ಲಿಸಿದ.

ಅದನ್ನು ಜೋಡಿಸಲು ಬಂದ ಎಂಜಿನಿಯರ್ ಅರ್ಧ ದಿನ ಇಂಗ್ಲಿಷಿನಲ್ಲಿ ಪಾಠ ಮಾಡಿದ. ಕಾಕಾ ಹಣೆ ಗಂಟಿಕ್ಕಿಕೊಂಡು ಕೂತಿದ್ದರು. ಕೊನೆಗೆ ನಾನು ಲೋಕಲ್ ಟ್ರೇನಿನ ಎರಡು ತುದಿಯ ಸ್ಟೇಶನ್ನುಗಳ ಲೆಕ್ಕದಲ್ಲಿ ಹೇಳಿದೆ. "ಕಾಕಾ, ಬರ್ನರು ಚರ್ಚ್‌ಗೇಟ್ ಅಂತ ತಿಳಕೋರಿ. ಕಲ್ಲು ವಿರಾರದಾಗ ಹತ್ತಿ ಈ ಕಡೆ ಬರತಾವು. ಬಿಸಿಗಾಳಿ ಚರ್ಚ್‌ಗೇಟದಿಂದ ಹೊಂಟು ವಿರಾರಕ್ಕ ಹೊಕ್ಕೈತಿ. ನಡಕ ಎದರಾಬದರ ಭೆಟ್ಟಿ ಆಗಿ ಕಲ್ಲು ಕಾಯತಾವು. ಡಾಂಬರು ಸುರಿಯೂದು ಬೆಂಕಿ ಹಿಂದ, ಝಳ ಮುಟ್ಟಲಾರದ ಕಡೆ. ಅದಕ್ಕ ನೀಲಿ ಹೊಗಿ ಇಲ್ಲ."

"ಮತ್ತ ಗಾಳಿ ವಿರಾರದಾಗ ಇಳದು ಎಲ್ಲಿಗೆ ಹೊಕ್ಕೈತಿ?" ಎಂದು ಕೇಳಿದರು.

"ಬ್ಯಾಗ್ ಫಿಲ್ಟರಿಗೆ," ಎಂದು ಆ ತುದಿಯಲ್ಲಿದ್ದ ದೊಡ್ಡ ತಗಡಿನ ಮನೆಯನ್ನು ತೋರಿಸಿದೆ. ಅದರೊಳಗೆ ನೂರಾರು ಉದ್ದನೆಯ ಬಟ್ಟೆಚೀಲ ತೂಗುಹಾಕಿರುತ್ತಾರೆ. ಗಾಳಿ ಅವುಗಳ ಮೂಲಕ ಸೋಸಿ ಚಿಮಣಿಗೆ ಹೋಗುತ್ತದೆ, ಧೂಳು ಕೆಳಗೆ ಉದುರುತ್ತದೆ. ಆ ಉದುರಿದ ಧೂಳು ತುಂಬುವ ಕೆಲಸ ಹನುಮವ್ವ ಕಾಕುಗೆ ಬಂತು. ಬಿಸಿಲಿಲ್ಲದ ಜಾಗ, ತಣ್ಣಗಿರುತ್ತದೆ ಎಂದು ಕಾಕಾನೇ ಮ್ಯಾನೇಜರಿಗೆ ಹೇಳಿ ಅಲ್ಲಿ ಹಾಕಿಸಿದ್ದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಕೊಟ್ಟದ್ದೂ ಸರಿಯಾದ ಉತ್ತರ. ಆ ಉತ್ತರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಯೋಚಿಸುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಡಿಪ್ಲೊಮಾ ಮಾಡಿದವಳು ನಾನು, ಹಾಗಾಗಿ ತಪ್ಪಿನ ದೊಡ್ಡ ಪಾಲು ನನ್ನದೇ.

ಮಳೆಗಾಲ ಮುಗಿದು ಅಕ್ಟೋಬರ್ ಬಂತು. ಊರ ತುಂಬ ಗುಂಡಿ, ಎಲ್ಲ ಕಂತ್ರಾಟುದಾರರಿಗೂ ಒಂದೇ ಸಲ ಮಾಲು ಬೇಕು. ಖಂಡೇನವಮಿಗೆ ಪ್ಲ್ಯಾಂಟಿಗೆ ಕುಂಬಳಕಾಯಿ ಒಡೆದು ಬೆಂಕಿ ಹಚ್ಚಿದೆವು. ಚಿಮಣಿ ಎಷ್ಟು ಸ್ವಚ್ಛವೆಂದರೆ ಪ್ಲ್ಯಾಂಟು ನಡೆಯುತ್ತಿದೆಯೋ ಇಲ್ಲವೋ ಎಂದು ಡ್ರಮ್ಮು ನೋಡಿಯೇ ತಿಳಿಯಬೇಕಿತ್ತು. ಮೇಲಿನ ಬಾಲ್ಕನಿಗಳಲ್ಲಿ ಬಟ್ಟೆಗಳು ಒಣಗತೊಡಗಿದವು. ಕಾಕಾಗೆ ಮಾತ್ರ ಆ ಚಿಮಣಿ ಸೇರಲಿಲ್ಲ. "ಹೊಗಿ ಬಿಡಲಾರದ ಒಲಿ ಒಳಗ ಏನ್ ಮಾಡಾಕತ್ತೈತಿ ಅಂತ ಹ್ಯಾಂಗ ತಿಳೀಬೇಕು?" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಹೊಸ ಪ್ಲ್ಯಾಂಟಿನಲ್ಲಿ ಬೆಂಕಿ ನೋಡಲು ಒಂದು ಕಣ್ಣು ಇತ್ತು, ಬರ್ನರಿನೊಳಗೆ ಕೂರಿಸಿದ ಪುಟ್ಟ ಯಂತ್ರ. ಬೆಂಕಿ ಆರಿದ ಕೂಡಲೆ ಅದು ಎಣ್ಣೆ ನಿಲ್ಲಿಸಿಬಿಡುತ್ತದೆ. ಆಮೇಲೆ ಐದು ನಿಮಿಷ ಫ್ಯಾನು ಸುಮ್ಮನೆ ಓಡಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ತಳ್ಳಬೇಕು. ಅಲ್ಲಿಯವರೆಗೆ ಬಟನ್ ಒತ್ತಿದರೂ ಬೆಂಕಿ ಹತ್ತುವುದಿಲ್ಲ. ಆದರೆ ಕ್ವಾರಿಯ ಧೂಳು ಕೂತು ಆ ಕಣ್ಣು ದಿನಕ್ಕೆ ಹತ್ತು ಸಲ ಸುಳ್ಳು ಹೇಳತೊಡಗಿತು. ಬೆಂಕಿ ಉರಿಯುತ್ತಿದ್ದರೂ ಆರಿದೆ ಎಂದು ಎಣ್ಣೆ ನಿಲ್ಲಿಸುವುದು, ಐದು ನಿಮಿಷ ಕಾಯಿಸುವುದು. ಗೇಟಿನಲ್ಲಿ ಡಂಪರುಗಳ ಸಾಲು, ರಸ್ತೆಯಲ್ಲಿ ಖಾಲಿ ನಿಂತ ಡಾಂಬರು ಹಾಸುವ ಪೇವರ್. ದೇವಾನಂದ ಎಲೆಕ್ಟ್ರಿಷಿಯನ್ನನ್ನು ಕರೆಸಿ ಕಣ್ಣಿಗೊಂದು ತಂತಿ ಸುತ್ತಿಸಿ, ಬೆಂಕಿ ಸದಾ ಉರಿಯುತ್ತಿದೆ ಎನ್ನುವ ಹಾಗೆ ಕುರುಡು ಮಾಡಿಸಿದ. ಐದು ನಿಮಿಷವನ್ನು ಅರ್ಧ ನಿಮಿಷಕ್ಕೆ ಇಳಿಸಿದ. ಕ್ಯಾಬಿನ್ನಿನ ಆಪರೇಟರ್ ನವೀನ ಹೆದರಿಕೊಂಡೇ ಕೇಳಿದ, "ಸರ್, ಸೇಫ್ ಹೈ ನಾ?"

"ಅಣವೀರಪ್ಪ ಹೈ ನಾ," ಎಂದ ದೇವಾನಂದ.

ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲಾದರೂ ಬಾಯಿ ತೆರೆಯಬಹುದಿತ್ತು. ಕಾಕಾ ನನ್ನತ್ತ ನೋಡಿದರು. ನಾನು ದುಪಟ್ಟಾದ ತುದಿ ಸರಿಮಾಡಿಕೊಂಡೆ.

ಮೂರು ದಿನ ಕಳೆದ ಮೇಲೆ ಹನುಮವ್ವ ಕಾಕು ಲ್ಯಾಬಿನ ಬಾಗಿಲಿಗೆ ಬಂದು ಮುಷ್ಟಿ ತೆರೆದು ತೋರಿಸಿದರು. ಫಿಲ್ಟರಿನ ಧೂಳು. ಅದು ಯಾವಾಗಲೂ ಗೋಧಿಹಿಟ್ಟಿನಷ್ಟು ನಯವಾಗಿ ಬೆರಳ ಸಂದಿಯಿಂದ ಸೋರಿಹೋಗುತ್ತಿತ್ತು. ಅಂದು ಉಂಡೆ ಕಟ್ಟಿತ್ತು.

"ಯಾಕೋ ಜಿಗಟ ಜಿಗಟ ಆಗೈತಿ ನೋಡವಾ. ಎಣ್ಣಿ ನಾತ ಬರತೈತಿ. ಸೀರಿ ತೊಳದ್ರೂ ಹೋಗವಲ್ದು."

ನನಗೆ ಏಳು ಸ್ಯಾಂಪಲ್ ಬಾಕಿ ಇದ್ದವು. ತಲೆ ಎತ್ತದೆ, "ಮಳಿ ಹಸಿ ಇರಬೇಕ ಕಾಕು. ಡಾಂಬರ ಪ್ಲ್ಯಾಂಟಿನಾಗ ಎಣ್ಣಿ ನಾತ ಬರಲಾರದ ಮಲ್ಲಿಗಿ ವಾಸನಿ ಬರತೈತೇನು?" ಎಂದೆ.

ಅವರು ನಕ್ಕರು. "ನಿನ್ನ ಬಾಯಿಗೆ ಯಾರೂ ಹತ್ತಂಗಿಲ್ಲ ಬಿಡು," ಎಂದು ಕೈ ಝಾಡಿಸಿಕೊಂಡು ಹೋದರು. ಆ ಉಂಡೆಯನ್ನು ಒಂದು ಸಲ ಮೂಗಿನ ಹತ್ತಿರ ಹಿಡಿದಿದ್ದರೆ ಸಾಕಿತ್ತು. ಹಿಡಿಯಲಿಲ್ಲ. ಈ ಒಂದು ತಪ್ಪನ್ನು ನಾನು ಯಾರ ಮೇಲೂ ಹಾಕುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬರ್ನರು ಆರಿತು. ಕಣ್ಣು ಕುರುಡಾಗಿದ್ದರಿಂದ ಎಣ್ಣೆ ನಿಲ್ಲಲಿಲ್ಲ, ಡ್ರಮ್ಮಿನೊಳಗೆ ಮಂಜಿನ ಹಾಗೆ ಸಿಡಿಯುತ್ತಲೇ ಇತ್ತು. ಮಾಲಿನ ಬಿಸಿ ಇಳಿಯುತ್ತಿರುವುದನ್ನು ನೋಡಿ ನವೀನನಿಗೆ ತಿಳಿಯುವ ಹೊತ್ತಿಗೆ ಎರಡು ನಿಮಿಷ ಕಳೆದಿತ್ತು. ಎಣ್ಣೆ ಬಂದ್ ಮಾಡಿ ಕಿಟಕಿಯಿಂದ ಕೂಗಿದ, "ಅಂಕಲ್, ಫ್ಲೇಮ್ ಗಯಾ! ಜರಾ ದೇಖೋ!"

ಕಾಕಾ ಎದ್ದರು. ನಾನು ಡಬ್ಬಿ ಹಿಡಿದು ಹೋದೆ. ಬರ್ನರಿನ ಪಕ್ಕ, ಮೂವತ್ತು ವರ್ಷದ ಅದೇ ಲೆಕ್ಕದ ಜಾಗದಲ್ಲಿ ನಿಂತೆವು. ಅವರು ಕಣ್ಣು ಮುಚ್ಚಿದರು. ನಾನು ಉಸಿರೆಳೆದೆ. ಏನೂ ಇರಲಿಲ್ಲ. ಇನ್ನೊಮ್ಮೆ ಎಳೆದೆ. ಬಿಸಿ ಕಬ್ಬಿಣ, ಡಾಂಬರು, ಅಷ್ಟೇ. ಮೂರನೆಯ ಸಲ ಮುಖವನ್ನು ಇನ್ನಷ್ಟು ಹತ್ತಿರ ಒಯ್ದೆ. ನನ್ನ ಕೂದಲು ಹಣೆಯಿಂದ ಹಾರಿ ಡ್ರಮ್ಮಿನ ಬಾಯಿಯ ಕಡೆ ಎಳೆದುಕೊಂಡಿತು. ಫ್ಯಾನು ನಿಂತಿರಲಿಲ್ಲ. ಹೊಸ ಪ್ಲ್ಯಾಂಟಿನಲ್ಲಿ ಫ್ಯಾನು ನಿಲ್ಲುವುದೇ ಇಲ್ಲ. ನನ್ನ ಬೆನ್ನ ಹಿಂದಿನ ಒಳ್ಳೆಯ ಗಾಳಿಯನ್ನು ಅದು ಒಳಗೆ ಸೆಳೆಯುತ್ತಿತ್ತು, ಎಣ್ಣೆಯ ಮಂಜನ್ನೆಲ್ಲ ಆ ಕಡೆಯ ತುದಿಗೆ ಒಯ್ಯುತ್ತಿತ್ತು. ನಾವು ನಿಂತದ್ದು ಚರ್ಚ್‌ಗೇಟಿನಲ್ಲಿ, ವಾಸನೆ ವಿರಾರ್ ಮುಟ್ಟಿತ್ತು.

ಇದು ಈಗ ಹೊಳೆಯುತ್ತದೆ. ಆಗ ಕೂದಲು ಕಣ್ಣಿಗೆ ಅಡ್ಡ ಬಂತೆಂದು ಕಿರಿಕಿರಿಯಾಯಿತು, ಅಷ್ಟೇ. ನನ್ನ ಕೈ ಕೆಳಗೇ ಇತ್ತು. ಕಾಕಾ ಅದನ್ನು ನೋಡಿದರು. ಆದರೂ ಒಂದು ಗಳಿಗೆ ತಡೆದರು.

"ಏನೂ ಇಲ್ಲೇನು?" ಎಂದು ತುಟಿ ಅಲ್ಲಾಡಿಸದೆ ಕೇಳಿದರು.

"ಏನೂ ಇಲ್ಲ ಕಾಕಾ."

ಅವರು ಟವೆಲು ಬೀಸಿದರು.

ಬರ್ನರು ಎಂದಿನಂತೆ ಗುಡುಗಿ ಹತ್ತಿತು. ನಮಗೇನೂ ಆಗಲಿಲ್ಲ, ಒಂದು ಕಿಡಿಯೂ ಸಿಡಿಯಲಿಲ್ಲ. ನಾನು ಲ್ಯಾಬಿನ ಕಡೆ ತಿರುಗಿ ನಾಲ್ಕು ಹೆಜ್ಜೆ ಹಾಕಿರಬೇಕು. ಡ್ರಮ್ಮಿನ ಹೊಟ್ಟೆಯೊಳಗೆ ಏನೋ ಓಡಿಹೋದ ಹಾಗೆ ಸದ್ದಾಯಿತು, ನಮ್ಮಿಂದ ಆ ತುದಿಯ ಕಡೆಗೆ. ಆಮೇಲೆ ಬ್ಯಾಗ್ ಫಿಲ್ಟರಿನ ತಗಡುಗಳು ಒಟ್ಟಿಗೆ ಹಾರಿದವು. ದಿನಗಟ್ಟಲೆ ಎಣ್ಣೆ ಕುಡಿದ ನೂರಾರು ಚೀಲಗಳು ಒಂದೇ ಸಲ ಹೊತ್ತಿಕೊಂಡು ಕೆಳಗೆ ಉದುರಿದವು. ಕೆಳಗೆ ಹನುಮವ್ವ ಕಾಕು ಧೂಳು ತುಂಬುತ್ತಿದ್ದರು.

ಕಾಕಾ ಓಡಿದರು. ಐವತ್ತೆಂಟು ದಾಟಿದ ಮನುಷ್ಯ ಹಾಗೆ ಓಡುವುದನ್ನು ನಾನು ನೋಡಿಲ್ಲ. ಕೈಯಲ್ಲಿ ಟವೆಲು ಹಾಗೇ ಇತ್ತು. ಅದರಿಂದಲೇ ಹೆಂಡತಿಯ ಮೈ ಮೇಲಿನ ಬೆಂಕಿಯನ್ನು ಬಡಿದು ಬಡಿದು ಆರಿಸಿದರು.

ಮೂರನೆಯ ದಿನ ವಿಚಾರಣೆಗೆ ಸರ್ಕಾರದ ಅಧಿಕಾರಿ ಬಂದರು. ಕುರುಡು ಮಾಡಿದ ಕಣ್ಣಿನ ತಂತಿ ಅಷ್ಟರಲ್ಲಿ ಮಾಯವಾಗಿತ್ತು. ದೇವಾನಂದ ಎಲ್ಲದಕ್ಕೂ ಅಣವೀರಪ್ಪನ ಕಡೆ ಬೆರಳು ತೋರಿಸಿದ. ಕಾಕಾ ಕೈಗೆ ಪಟ್ಟಿ ಸುತ್ತಿಕೊಂಡು ನಿಂತಿದ್ದರು.

"ನನ್ನ ಮೂಗಿಂದ ತಪ್ಪಾತ್ರಿ ಸಾಹೇಬ್ರ. ನಾಕು ವರ್ಷ ಆತು, ವಾಸನಿ ಹತ್ತಂಗಿಲ್ಲ. ಯಾರಿಗೂ ಹೇಳಿದ್ದಿಲ್ಲ," ಎಂದರು.

ನಾನು ಎದ್ದು ನಿಂತೆ. ತಂತಿಯ ವಿಷಯ, ಅರ್ಧ ನಿಮಿಷದ ವಿಷಯ, ದುಪಟ್ಟಾದ ವಿಷಯ, ಎಲ್ಲ ಹೇಳಿದೆ. ದೇವಾನಂದ ನನ್ನನ್ನು ನುಂಗುವ ಹಾಗೆ ನೋಡಿದ. ಹೇಳಿಕೆಗೆ ಸಹಿ ಹಾಕಿದೆ. ಇದರಲ್ಲಿ ದೊಡ್ಡತನವೇನೂ ಇಲ್ಲ, ಹೇಳಬೇಕಾದ ದಿನ ಹೇಳದೆ ಸುಟ್ಟ ಮೇಲೆ ಹೇಳಿದವಳು ನಾನು. ಹೊರಗೆ ಬಂದಾಗ ಕಾಕಾ ಬೈಯಲಿಲ್ಲ. "ಯಾಕ ಹೇಳಾಕ ಹೋದಿ? ಒಬ್ಬರ ಕೆಲಸ ಹೋಗಿದ್ರ ಸಾಕಿತ್ತಲ್ಲ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಎಂಟನೆಯ ದಿನ ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಖೋಲಿಗೆ ಬೇರೆ ಬೀಗ ಬಿದ್ದಿತ್ತು. ಸುಟ್ಟಗಾಯದ ವಾರ್ಡಿನ ಬಾಗಿಲ ಬಳಿಯ ಬೆಂಚಿನಲ್ಲಿ ಕಾಕಾ ಪಾತ್ರೆಪಡಗದ ಚೀಲ ಇಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದರು. ಎಂಟು ದಿನದಿಂದ ಯಾರಿಗೋ ಕಾದಿದ್ದವರ ಅವಸರ ಅದರಲ್ಲಿತ್ತು.

"ಚಲೋ ಆತು ಬಂದಿ. ಡಾಕ್ಟರು ಬರೇ ಇಂಗ್ಲಿಷ್ ಮಾತಾಡತಾರ. ನರ್ಸು ದೇಖೇಂಗೆ, ನೋಡೂಣು ಅಂತಾಳ. ಈರಣ್ಣ ಮಿಸ್ತ್ರಿ ಹೋಗೂಕಿಂತ ಮೊದಲ ಗಾಯ ವಾಸನಿ ಬಂದಿತ್ತು, ನನಗ ನೆನಪೈತಿ. ಆಗ ನನಗ ಮೂಗಿತ್ತು. ಈಗ ಇಕಿ ಬಾಜೂಕ ಇಡೀ ದಿನ ಕುಂದರತೀನಿ, ಏನೂ ತಿಳಿಯಂಗಿಲ್ಲ." ಅವರು ನನ್ನ ತೋಳು ಹಿಡಿದರು. "ಒಂದ ಸಲ ಒಳಗ ಬಾ ಶೈಲವ್ವಾ. ಬಾಯಿಲೆ ಏನೂ ಹೇಳಬ್ಯಾಡ. ಆಕಿಗೆ ಕೇಳಸತೈತಿ."

ಒಳಗೆ ಹೋದೆವು. ಸೊಳ್ಳೆಪರದೆ ಕಟ್ಟಿದ ಮಂಚ, ಅದರೊಳಗೆ ಬಿಳಿ ಪಟ್ಟಿಗಳ ನಡುವೆ ಹನುಮವ್ವ ಕಾಕುನ ಕಣ್ಣುಗಳು. ನನ್ನನ್ನು ಗುರುತಿಸಿದವು. ನಾನು ಅವರ ಕಾಲ ಕಡೆ ನಿಂತೆ. ಕಾಕಾ ಅಭ್ಯಾಸಬಲದಿಂದ ನನ್ನ ಎಡಕ್ಕೆ ಬಂದು ನಿಂತರು. ಈ ಸಲ ಕಣ್ಣು ಮುಚ್ಚಲಿಲ್ಲ, ನೇರವಾಗಿ ನನ್ನ ಕೈಯನ್ನೇ ನೋಡುತ್ತಿದ್ದರು.

ಏನೇ ಬಂದರೂ ಕೈ ಎತ್ತಬಾರದು ಎಂದು ಬಾಗಿಲಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಔಷಧಿಯ ಘಾಟು ಬಂತು, ಫಿನೈಲು ಬಂತು. ಫ್ಯಾನು ನಮ್ಮ ಕಡೆ ತಿರುಗಿತು. ಆಗ ಅವೆರಡರ ಅಡಿಯಿಂದ ಇನ್ನೊಂದು ವಾಸನೆ ಬಂತು. ನನ್ನ ಮುಷ್ಟಿ ನನ್ನ ಮಾತು ಕೇಳಲಿಲ್ಲ. ಎದೆಯವರೆಗೆ ಎದ್ದದ್ದು ನನಗೆ ತಿಳಿಯಿತು, ತಡೆದೆ, ಕೆಳಗಿಳಿಸಿದೆ.

ಕಾಕಾಗೆ ಅಷ್ಟು ಸಾಕಾಯಿತು. ಅರ್ಧ ಸುಟ್ಟ ಕೆಂಪು ಟವೆಲನ್ನು ಹೆಗಲಿಂದ ತೆಗೆದು ನಿಧಾನವಾಗಿ ಮಡಚಿದರು. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.